ಮೂರು ಕಾಲಿನ ಮೊಲ

ಆಲೂರು, ಸಕಲೇಶಪುರಗಳ ಸೀಮೆಯಿಂದ ಹೊರಗಿನವರಿಗೆ ತಲುಪುವ ಕಾಡಿನ ಸುದ್ದಿಯೆಂದರೆ ಬಹುಮಟ್ಟಿಗೆ ಆನೆಯ ಸುದ್ದಿ. ಗದ್ದೆ ತುಳಿದ ಆನೆ, ಬಾಳೆ ಮುರಿದ ಆನೆ, ಮಂಜು ಕವಿದ ಮುಂಜಾನೆ ಕಾಫಿ ತೋಟದ ದಾರಿಯಲ್ಲಿ ಆಳಿಗೆ ಎದುರಾದ ಆನೆ. 2014ರಲ್ಲಿ ಆಲೂರಿನ ಸುತ್ತಿನಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನನು 2023ರ ಡಿಸೆಂಬರಿನಲ್ಲಿ ಯಸಳೂರಿನ ಬಳಿಯ ಕಾಡಿನಲ್ಲಿ ಒಂಟಿ ಸಲಗದೊಡನೆ ಸೆಣಸಿ ಮಡಿದಾಗ ನಾಡೆಲ್ಲ ಮರುಗಿತು. ಅಷ್ಟು ದೊಡ್ಡ ಪ್ರಾಣಿಯ ನೆರಳಿನಲ್ಲಿ, ಎರಡು ಮೂರು ಕಿಲೋ ತೂಗುವ ಮೊಲದ ಸಂಗತಿಯನ್ನು ಕೇಳುವವರಾರು?

ಆದರೂ ಬೇಟೆಗಾರನ ಮನಸ್ಸನ್ನು ಅಳೆಯುವುದಕ್ಕೆ ಮೊಲವೇ ತಕ್ಕ ಅಳತೆಗೋಲು. ಹುಲಿಯನ್ನು ಹೊಡೆದವನಿಗೆ ಊರನ್ನು ಕಾಪಾಡಿದೆನೆಂಬ ಸಮಾಧಾನವಿದ್ದೀತು. ಹಂದಿಯನ್ನು ಹೊಡೆದವನಿಗೆ ಗೆಣಸನ್ನೂ ಭತ್ತವನ್ನೂ ಉಳಿಸಿಕೊಂಡೆನೆಂಬ ನೆಪವಿದ್ದೀತು. ಮೊಲವನ್ನು ಹೊಡೆದವನಿಗೆ ಇವೆರಡೂ ಇಲ್ಲ. ಅದು ಯಾರ ಮೇಲೂ ಎರಗುವುದಿಲ್ಲ. ಅದರ ಹಲ್ಲಿಗೆ ಸಿಕ್ಕಿ ಹಾಳಾಗುವ ಬೆಳೆಯೂ ಹೆಚ್ಚಲ್ಲ. ಅದನ್ನು ಹೊಡೆಯುವುದರಲ್ಲಿ ಶೌರ್ಯವಿಲ್ಲದಂತೆ ಅದನ್ನು ಉಳಿಸುವುದರಲ್ಲಿಯೂ ಕೀರ್ತಿಯಿಲ್ಲ. ಇಂಥ ಪ್ರಾಣಿಯೊಂದರ ಮೇಲೆ ಬೇಟೆಗಾರನಿಗೆ ಪ್ರೀತಿ ಹುಟ್ಟಿತೆಂದರೆ, ಆ ಪ್ರೀತಿಯಲ್ಲಿ ಬೆರಕೆ ಕಡಿಮೆಯೆಂದು ನಂಬಬಹುದು.

ಈ ನಾಡಿಗೂ ಬೇಟೆಗೂ ಇರುವ ನಂಟು ಹಳೆಯದು. ಹಾಸನದ ಬಯಲು ಆಲೂರಿನ ಬಳಿ ನಿಧಾನವಾಗಿ ಏರತೊಡಗಿ, ಹೇಮಾವತಿಯನ್ನು ದಾಟಿ, ಸಕಲೇಶಪುರದ ಆಚೆ ಘಟ್ಟದ ಅಂಚನ್ನು ಮುಟ್ಟುವವರೆಗೆ ಗದ್ದೆ, ಹುಲ್ಲುಗಾವಲು, ಕಾನು, ತೋಟಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿಂದಾಗಿ ಈ ತಾಲ್ಲೂಕಿಗೆ ಹಿಂದೆ ಮಂಜರಾಬಾದು ಎಂಬ ಹೆಸರಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಲ್ಲಿಗೆ ಬಂದು ಕಾಫಿ ಬೆಳೆದ ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ತೋಟಗಾರನು 1894ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಮೈಸೂರಿನ ಚಿನ್ನ, ಬೇಟೆ, ಕಾಫಿ ಬೇಸಾಯ ಎಂಬ ಮೂರನ್ನೂ ಅದರ ಶೀರ್ಷಿಕೆಯಲ್ಲಿಯೇ ಸಾಲಾಗಿ ನಿಲ್ಲಿಸಿದನು. ಅಂದಿನ ತೋಟದ ದೊರೆಗೆ ಬೇಟೆಯೆಂಬುದು ಗಿಡ ನೆಡುವಷ್ಟೇ ಸಹಜವಾದ ಕೆಲಸವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ದೊರೆಗಳಿಗಿಂತ ಮೊದಲೂ ಅವರ ತರುವಾಯವೂ ಹಳ್ಳಿಗಳ ಬೇಟೆ ನಡೆದೇ ಇತ್ತು. ಸುಗ್ಗಿ ಮುಗಿದು ಕೈ ಬಿಡುವಾದಾಗ ಊರಿಗೆ ಊರೇ ನಾಯಿಗಳೊಡನೆ ಹೊರಟು, ಒಂದು ಕಡೆ ಬಲೆ ಕಟ್ಟಿ ಇನ್ನೊಂದು ಕಡೆಯಿಂದ ಸೋವುವುದು. ನೀರಿನ ಬಳಿಯಲ್ಲಿಯೋ ಹಣ್ಣುದುರುವ ಮರದ ಬುಡದಲ್ಲಿಯೋ ಕೇಪಿನ ಕೋವಿ ಹಿಡಿದು ಮರಸು ಕೂರುವುದು. ಕಪ್ಪು ರಾತ್ರಿಗಳಲ್ಲಿ ಹಣೆಗೆ ದೀಪ ಕಟ್ಟಿಕೊಂಡು ಅಲೆಯುವುದು. ಈಡಿಟ್ಟವನಿಗೆ ಒಂದು ಪಾಲು ಹೆಚ್ಚು. ನಾಯಿಗೂ ಒಂದು ಪಾಲು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದು ಇದೆಲ್ಲವೂ ಅಪರಾಧವಾಯಿತು. ಕೋವಿಗಳು ಮಾತ್ರ ಬೆಳೆರಕ್ಷಣೆಯ ಪರವಾನಗಿಯ ಮೇಲೆ ಮನೆಗಳಲ್ಲಿ ಉಳಿದವು. ಚುನಾವಣೆ ಬಂದಾಗಲೆಲ್ಲ ಅವು ಠಾಣೆಗೆ ಹೋಗುತ್ತವೆ. ಮುಗಿದ ಮೇಲೆ ಮನೆಗೆ ಮರಳುತ್ತವೆ.

ಅಂಥ ಮನೆಯೊಂದನ್ನು, ಅಂಥ ಒಬ್ಬ ಬೇಟೆಗಾರರನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬೇಕು. ಹೆಸರಿನ ಅಗತ್ಯವಿಲ್ಲ, ಆಲೂರಿನಿಂದ ಸಕಲೇಶಪುರದವರೆಗಿನ ಹಳ್ಳಿಗಳಲ್ಲಿ ಅಂಥವರು ಇಂದಿಗೂ ಅಲ್ಲಲ್ಲಿ ಇದ್ದಾರೆ. ಗೌಡರು ಎಂದರೆ ಸಾಕು. ವಯಸ್ಸು ಎಂಬತ್ತರ ಹತ್ತಿರ. ನಾಲ್ಕಾರು ಎಕರೆ ಕಾಫಿ, ತೋಟದ ಕೆಳಗೊಂದು ಗದ್ದೆ, ಹೆಂಚಿನ ಮನೆ, ಮನೆಯ ಹಿಂದೆ ಅವರೆ ಚಪ್ಪರವೂ ದನಗಳಿಗಾಗಿ ಬೆಳೆದ ಹುಲ್ಲೂ ಇರುವ ಹಿತ್ತಲು. ಕಾಯಿದೆ ಬರುವ ಮೊದಲಿನ ಹರೆಯದಲ್ಲಿ ಅವರ ಗುರಿ ಸುತ್ತಿನ ಹತ್ತು ಹಳ್ಳಿಗಳಿಗೆ ಗೊತ್ತಿತ್ತು. ಹೊಡೆದ ಹಂದಿಗಳ ಲೆಕ್ಕವನ್ನು ಅವರು ಇಂದಿಗೂ ವರ್ಷ, ಜಾಗ, ಜೊತೆಯಲ್ಲಿದ್ದವರ ಹೆಸರುಗಳೊಡನೆ ಒಪ್ಪಿಸಬಲ್ಲರು. ಮೊಲಗಳನ್ನು ಎಷ್ಟು ಹೊಡೆದಿರೆಂದು ಕೇಳಿದರೆ ಮಾತ್ರ ಉತ್ತರವಿಲ್ಲ. ದೊಡ್ಡ ಬೇಟೆ ಸಿಕ್ಕದ ರಾತ್ರಿ ಬರಿಗೈಯಲ್ಲಿ ಹಿಂದಿರುಗಬಾರದೆಂದು ಹೊಡೆಯುವ ಪ್ರಾಣಿ ಅದು; ಯಾರೂ ಲೆಕ್ಕವಿಡುತ್ತಿರಲಿಲ್ಲ.

ಅವರ ಹಿತ್ತಲಿಗೆ ಮೊಲ ಬಂದುದು ಒಂದು ಮಾಘ ಮಾಸದಲ್ಲಿ. ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು; ಕಣದಲ್ಲಿ ಹಣ್ಣು ಒಣಗುತ್ತಿತ್ತು. ಬೆಳಗಿನ ಇಬ್ಬನಿಯಲ್ಲಿ ಬಿದ್ದಿದ್ದ ಹೆಜ್ಜೆಯನ್ನು ನೋಡಿ ಗೌಡರು ನಿಂತರು. ಮೊಲ ನೆಗೆಯುವಾಗ ಹಿಂಗಾಲುಗಳು ಮುಂಗಾಲುಗಳಿಗಿಂತ ಮುಂದೆ ಬಂದು ಊರುತ್ತವೆ. ನೆಲದ ಮೇಲೆ ನಾಲ್ಕು ಗುರುತುಗಳ ಒಂದು ಚಿತ್ರ ಮೂಡುತ್ತದೆ. ಇಲ್ಲಿ ಮೂರೇ ಇದ್ದುವು. ಬೇಲಿಯ ಕಡೆಗೆ ನಡೆದು ನೋಡಿದರೆ, ಹಂದಿಗೆಂದು ಅವರೇ ಹಿಂದಿನ ತಿಂಗಳು ಕಟ್ಟಿಸಿದ್ದ ತಂತಿಯ ಉರುಳಿನಲ್ಲಿ ಒಂದಿಷ್ಟು ಕಂದು ರೋಮವೂ ಒಣಗಿದ ನೆತ್ತರೂ ಅಂಟಿಕೊಂಡಿದ್ದುವು. ಹಂದಿಯ ಅಳತೆಯ ಕುಣಿಕೆಗೆ ಮೊಲದ ಮುಂಗಾಲು ಹೇಗೋ ಸಿಕ್ಕಿ, ಜಗ್ಗಾಡಿ, ಪಾದವನ್ನು ಬಿಟ್ಟು ಬಂದಿತ್ತು.

ಅದು ಎಲ್ಲಿ ಮಲಗಿರಬಹುದೆಂಬುದನ್ನು ಕಂಡುಕೊಳ್ಳಲು ಅವರಿಗೆ ಕಾಲು ಗಂಟೆಯೂ ಹಿಡಿಯಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬಿಸಿಲು ಮೊದಲು ಎಲ್ಲಿ ಬೀಳುತ್ತದೆ, ಬೆನ್ನಿಗೆ ಯಾವ ಪೊದೆ ಮರೆಯಾದೀತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಮೊಲದ ಹಕ್ಕೆ ಸಿಕ್ಕಂತೆಯೇ. ನಮ್ಮ ಕಾಡಿನ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ತನ್ನ ಮೈಯ ಅಚ್ಚಿನಂತೆ ಒಂದು ತಗ್ಗು ಮಾಡಿಕೊಂಡು, ಕಿವಿಗಳನ್ನು ಬೆನ್ನಿಗೊತ್ತಿ, ಹಗಲೆಲ್ಲ ಅದರಲ್ಲಿ ಅಡಗಿರುತ್ತದೆ. ಕಾಲಿಗೆ ತಾಗುವವರೆಗೆ ಹೋದರೂ ಕದಲದು; ಕದಲಿತೆಂದರೆ ಬಾಣ. ಗೌಡರು ಹತ್ತು ಹೆಜ್ಜೆ ದೂರದಲ್ಲಿ ನಿಂತು ಹುಲ್ಲಿನೊಳಗೆ ಹೊಳೆಯುವ ಒಂದು ಕಣ್ಣನ್ನೂ ಕತ್ತಿನ ಹಿಂಭಾಗದ ಕಪ್ಪು ಮಚ್ಚೆಯನ್ನೂ ನೋಡಿದರು. ದಕ್ಷಿಣದ ಮೊಲಕ್ಕೆ ಈ ಕಪ್ಪು ಕುತ್ತಿಗೆಯೇ ಗುರುತು. ನೋಡಿದವರು, ಹೋದ ದಾರಿಯಲ್ಲಿಯೇ ಹಿಂದೆ ಸರಿದು ಮನೆಗೆ ಬಂದರು. ಆ ಸಂಜೆ, ಎಂದೂ ಕಟ್ಟದಿದ್ದ ನಾಯಿಯನ್ನು ಕಟ್ಟಿದರು.

ಊರಿನಲ್ಲಿ ಸುದ್ದಿ ಹರಡಲು ಹೊತ್ತು ಬೇಕೆ? “ನಾನು ಹಿಡಿದ ಮೊಲಕ್ಕೆ ಮೂರೇ ಕಾಲು” ಎಂಬ ಗಾದೆ ನಮ್ಮಲ್ಲಿ ಹಟಮಾರಿಗಳಿಗೆಂದು ಹುಟ್ಟಿದುದು. ಗೌಡರ ವಿಷಯದಲ್ಲಿ ಅದು ಅಕ್ಷರಶಃ ನಿಜವಾಗಿಬಿಟ್ಟಿತು. ಕಟ್ಟೆಯ ಮೇಲೆ ಕುಳಿತವರಿಗೆ ಒಂದು ಋತುವಿಗೆ ಸಾಕಾಗುವಷ್ಟು ನಗೆ ಒದಗಿತು. “ಏನ್ ಗೌಡ್ರೆ, ನಿಮ್ ಮೊಲಕ್ಕೆ ಎಷ್ಟ್ ಕಾಲು?” ಎಂದು ಕೇಳುವರು. “ಇದ್ದಷ್ಟು” ಎಂದು ಗೌಡರು ಹೇಳುವರು.

ಮನೆಯಲ್ಲಿ ಎದ್ದ ಪ್ರಶ್ನೆ ಇದಕ್ಕಿಂತ ಕಠಿಣವಾಗಿತ್ತು. ರಜೆಗೆ ಬಂದಿದ್ದ ಮೊಮ್ಮಗಳು ಪಟ್ಟಣದಲ್ಲಿ ಬಿಳಿಯ ಮೊಲ ಸಾಕಿದವರನ್ನು ಕಂಡಿದ್ದಳು. “ತಾತ, ಇದನ್ನೂ ಹಿಡಿದು ಗೂಡಿನಲ್ಲಿಡೋಣ. ಕ್ಯಾರೆಟ್ ಹಾಕೋಣ. ನರಿ ಬಂದರೆ ಏನು ಗತಿ?” ಎಂದು ಹಟ ಹಿಡಿದಳು. ಮಗುವಿನ ಮಾತಿನಲ್ಲಿ ತರ್ಕವಿಲ್ಲದೆ ಇರಲಿಲ್ಲ. ಕುಂಟ ಮೊಲಕ್ಕೆ ನರಿ, ಕಾಡುಬೆಕ್ಕು, ಹೆಬ್ಬಾವು, ದೊಡ್ಡ ಗೂಬೆ, ಬೀದಿ ನಾಯಿ, ಎಲ್ಲವೂ ಯಮನ ದೂತರೇ.

ಆದರೆ ಕನ್ನಡವು ಒಂದೇ ಹೆಸರಿನಿಂದ ಕರೆದರೂ ಈ ಎರಡು ಮೊಲಗಳು ಬೇರೆ ಬೇರೆ. ಗೂಡಿನಲ್ಲಿ ಸಾಕುವ ಬಿಳಿಯ ಮೊಲದ ಪೂರ್ವಜರು ಯೂರೋಪಿನವು. ನೆಲದೊಳಗೆ ಬಿಲ ತೋಡಿ ಗುಂಪಾಗಿ ಬಾಳುವ ಜಾತಿ. ಅವುಗಳ ಮರಿಗಳು ಕಣ್ಣು ಮುಚ್ಚಿಕೊಂಡು, ರೋಮವಿಲ್ಲದೆ ಹುಟ್ಟುತ್ತವೆ. ನಮ್ಮ ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ರೋಮ ಹೊದ್ದು, ಕಣ್ಣು ತೆರೆದಿರುತ್ತದೆ. ಬಿಲದ ಆಸರೆಯಿಲ್ಲದವನಿಗೆ ಹುಟ್ಟಿದ ದಿನದಿಂದಲೇ ಎಚ್ಚರ ಬೇಕಲ್ಲವೆ? ಆ ಎಚ್ಚರವೇ ಅದರ ಬಾಳು. ಗೂಡಿನಲ್ಲಿಟ್ಟರೆ ಸರಳಿಗೆ ಡಿಕ್ಕಿ ಹೊಡೆದುಕೊಂಡೋ ಬರಿಯ ಅಂಜಿಕೆಯಿಂದಲೋ ಸಾಯುವುದು ಹೆಚ್ಚು.

ಇಂಗ್ಲೆಂಡಿನ ವಿಲಿಯಂ ಕೂಪರ್ ಕವಿಯು ಮನೋವ್ಯಾಧಿಯಿಂದ ಬಳಲುತ್ತಿದ್ದ ಕಾಲದಲ್ಲಿ, 1774ರಲ್ಲಿ, ಮೂರು ಕಾಡುಮೊಲಗಳನ್ನು ಮರಿಗಳಿಂದಲೇ ಮನೆಯಲ್ಲಿ ಸಾಕಿದನು. ಪಸ್, ಟೈನಿ, ಬೆಸ್ ಎಂದು ಅವಕ್ಕೆ ಹೆಸರಿಟ್ಟು, ಹತ್ತು ವರ್ಷಗಳ ಅನಂತರ ಅವುಗಳ ನಡೆನುಡಿಗಳನ್ನು ಪತ್ರಿಕೆಯೊಂದಕ್ಕೆ ಬರೆದನು. ಒಂದು ಅವನ ತೊಡೆಯೇರಿ ಕುಳಿತುಕೊಳ್ಳುವಷ್ಟು ಸಲಿಗೆಯಾಯಿತು. ಟೈನಿ ಮಾತ್ರ, ಅದೇ ಕೈ ಅನ್ನವಿಕ್ಕಿದರೂ, ಸಾಯುವವರೆಗೆ ಪಳಗಲಿಲ್ಲ. ಕವಿಯ ಕರುಣೆಯೂ ಅದರ ಕಾಡನ್ನು ಕಳೆಯಲಾರದೆ ಹೋಯಿತು.

ಗೌಡರು ಕೂಪರನನ್ನು ಓದಿದವರಲ್ಲ. ಅವರು ಮೊಮ್ಮಗಳಿಗೆ ಹೇಳಿದುದು ಇಷ್ಟೇ: “ಹಿಡಿಯೋದೂ ಬೇಟೇನೇ ಕಣವ್ವ.” ಅನುಭವದಿಂದ ಬಂದ ಈ ಮಾತು ಕಾನೂನಿನ ಮಾತೂ ಹೌದು. 1972ರ ಕಾಯಿದೆಯು ಬೇಟೆಯೆಂಬ ಶಬ್ದಕ್ಕೆ ಕೊಡುವ ಅರ್ಥದಲ್ಲಿ ಕೊಲ್ಲುವುದಷ್ಟೇ ಅಲ್ಲ. ಉರುಳಿಡುವುದು, ಬಲೆಯೊಡ್ಡುವುದು, ಸೆರೆ ಹಿಡಿಯುವುದು ಎಲ್ಲವೂ ಸೇರಿವೆ. ಸಾಕುವ ಅಕ್ಕರೆಯಿಂದ ಕಾಡುಪ್ರಾಣಿಗೆ ಕೈಯೊಡ್ಡಿದವನೂ ಶಾಸನದ ಕಣ್ಣಿನಲ್ಲಿ ಬೇಟೆಗಾರನೇ. ಚಿತ್ರದುರ್ಗದ ಕಡೆಯ ಕೆಲವು ಊರುಗಳಲ್ಲಿ ಸಂಕ್ರಾಂತಿಯ ಹೊತ್ತಿಗೆ ಮೊಲವನ್ನು ಹಿಡಿದು ತಂದು, ಪೂಜಿಸಿ, ಮತ್ತೆ ಬಿಟ್ಟುಬಿಡುವ ಸಂಪ್ರದಾಯವಿದೆ. ಅಲ್ಲಿಯೂ ಪೂಜೆ ಪೂರ್ಣವಾಗುವುದು ಬಿಟ್ಟಾಗಲೇ.

ಮೊಲವು ನಮ್ಮ ಕಥೆಗಳಲ್ಲಿ ಎಂದೂ ಹೇಡಿಯಾಗಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು. ಹನ್ನೊಂದನೆಯ ಶತಮಾನದ ದುರ್ಗಸಿಂಹನು ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ಅದು ಸಿಂಹವನ್ನು ಬಾವಿಗೆ ಕೆಡೆದ ಜಾಣ. ಹರಿಹರ ಬುಕ್ಕರು ತುಂಗಭದ್ರೆಯ ದಡದಲ್ಲಿ ಬೇಟೆಯಾಡುತ್ತಿದ್ದಾಗ ಮೊಲವೊಂದು ತಿರುಗಿ ನಿಂತು ಬೇಟೆನಾಯಿಗಳನ್ನು ಅಟ್ಟಿತೆಂದೂ, ಅದನ್ನು ಕೇಳಿದ ವಿದ್ಯಾರಣ್ಯರು ಅಲ್ಲಿಯೇ ನಗರ ಕಟ್ಟಿರೆಂದು ಹರಸಿದರೆಂದೂ ಐತಿಹ್ಯ. ಬೆಂಗಳೂರಿನ ಕೆಂಪೇಗೌಡರಿಗೂ ಇಂಥದೇ ಒಂದು ಕಥೆ ಅಂಟಿಕೊಂಡಿದೆ. ಗಂಡುಮೆಟ್ಟಿನ ನೆಲವನ್ನು ಗುರುತಿಸಲು ನಮ್ಮ ಹಿರಿಯರಿಗೆ ಹುಲಿ ಬೇಕಾಗಲಿಲ್ಲ, ಮೊಲ ಸಾಕಾಯಿತು. ಆದರೆ ಐತಿಹ್ಯದ ಮೊಲ ಬೇರೆ, ಹಿತ್ತಲಿನ ಮೊಲ ಬೇರೆ. ನಾಯಿಯ ಎದುರು ನಿಲ್ಲುವ ಶಕ್ತಿ ಅದಕ್ಕಿಲ್ಲ; ಅತ್ತಿತ್ತ ಹೊರಳಿ ಓಡಬಲ್ಲ ಕಾಲುಗಳೇ ಅದಕ್ಕಿರುವ ಆಯುಧ. ಗೌಡರ ಮೊಲಕ್ಕೆ ಅದರಲ್ಲಿಯೂ ಒಂದು ಕಡಿಮೆ.

ಪ್ರೀತಿಯ ಪರೀಕ್ಷೆ ಮೊದಲು ಬಂದುದು ನೆಂಟಸ್ತನದ ವೇಷದಲ್ಲಿ. ಮಗನ ಗೆಳೆಯರು ನಾಲ್ವರು ಜೀಪಿನಲ್ಲಿ ಬಂದಿಳಿದರು. ರಾತ್ರಿಯ ಊಟವಾದ ಮೇಲೆ ಒಬ್ಬನು ಪ್ರಖರವಾದ ಟಾರ್ಚು ತೆಗೆದು ಹಿತ್ತಲಿನ ಕಡೆ ಬೀಸಿದನು. ಹುಲ್ಲಿನಂಚಿನಲ್ಲಿ ಎರಡು ಕೆಂಡಗಳು ಹೊತ್ತಿಕೊಂಡು ನಿಂತುವು. ಬೆಳಕು ಕಣ್ಣಿಗೆ ಬಿದ್ದೊಡನೆ ಮೊಲ ಓಡುವುದನ್ನು ಮರೆಯುತ್ತದೆ. ಹಣೆದೀಪದ ಬೇಟೆಯ ಗುಟ್ಟೆಲ್ಲ ಅಷ್ಟೇ. “ಕೋವಿ ಎಲ್ಲಿದೆ ಹೇಳಿ ಗೌಡ್ರೆ, ಕೂತಲ್ಲೇ ಹೊಡೀಬಹುದು” ಎಂದನು ಅತಿಥಿ. ಗೌಡರು ಮರುನುಡಿಯದೆ ಎದ್ದು ಹೋಗಿ, ಆ ಬೆಳಕಿಗೂ ಮೊಲಕ್ಕೂ ನಡುವೆ ನಿಂತುಕೊಂಡರು. ಅವರ ನೆರಳು ಬಿದ್ದೊಡನೆ ಕೆಂಡಗಳು ಆರಿದುವು. ಹುಲ್ಲು ಅಲುಗಾಡಿತು. “ಕಾನೂನು ಇದೆಯಪ್ಪ” ಎಂದರು. ಮನೆಗೆ ಬಂದವರ ಮುಖ ಮುರಿಯಬಾರದೆಂದು ಕಾನೂನಿನ ಹೆಸರು ಹೇಳಿದರೆಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಎರಡನೆಯ ಪರೀಕ್ಷೆ ಅಷ್ಟು ಸುಲಭದ್ದಾಗಿರಲಿಲ್ಲ. ಒಂದು ಮೊಲಕ್ಕಾಗಿ ನಾಯಿಯನ್ನು ಕಟ್ಟಬಹುದು, ನೆಂಟರನ್ನು ತಡೆಯಬಹುದು. ಆದರೆ ಅದರ ಕಾಲನ್ನು ಕತ್ತರಿಸಿದ ತಂತಿಗಳು ಬೇಲಿಯುದ್ದಕ್ಕೂ ಇನ್ನೂ ಇದ್ದುವಲ್ಲ! ಒಂದನ್ನು ಮುದ್ದಿಸುತ್ತ ಅದರ ಕುಲವನ್ನೆಲ್ಲ ಉರುಳಿಗೆ ಬಿಡುವುದು ಎಂಥ ಪ್ರೀತಿ? ಈ ಪ್ರಶ್ನೆಯನ್ನು ಕೇಳಿದವರು ಅವರ ಹೆಂಡತಿ. ಅದೂ ಅನ್ನ ಬಡಿಸುತ್ತ, ತಲೆಯೆತ್ತದೆ. ತಂತಿಯನ್ನು ಕಿತ್ತರೆ ಹಂದಿಗೆ ದಾರಿ ತೆರೆದಂತೆ. ಒಂದು ರಾತ್ರಿ ಹಂದಿಯ ಹಿಂಡು ಹೊಕ್ಕರೆ ಗದ್ದೆಯಲ್ಲಿ ಉಳಿಯುವುದು ಕೆಸರು ಮಾತ್ರ. ಮಲೆನಾಡಿನಲ್ಲಿ ಭತ್ತದ ಗದ್ದೆಗಳು ಪಾಳು ಬೀಳುತ್ತಿರುವುದಕ್ಕೆ ಆಳಿನ ಅಭಾವದಷ್ಟೇ ಕಾಡುಪ್ರಾಣಿಗಳ ಕಾಟವೂ ಕಾರಣ. ಬೇಟೆಯನ್ನು ನಿಷೇಧಿಸಿದ ಪಟ್ಟಣವಾಸಿಗೆ ಆ ನಷ್ಟ ತಟ್ಟುವುದಿಲ್ಲ. ತಟ್ಟುವವನ ಕೈಯಲ್ಲಿ ತಂತಿಯಿದೆ. ಹಂದಿಗೆಂದು ಕಟ್ಟಿದ ಉರುಳಿಗೆ ಚಿರತೆಗಳು ಸಿಕ್ಕಿ ನರಳಿ ಸತ್ತ ಸುದ್ದಿಯನ್ನು ಕಾಫಿ ಸೀಮೆಯವರು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದಾರೆ. ಆದರೂ ತಂತಿ ಹೋಗುವುದಿಲ್ಲ.

ಗೌಡರು ಒಂದು ವಾರ ಯೋಚಿಸಿದರು. ಕೊನೆಗೆ ತಾವೇ ಇಕ್ಕುಳ ಹಿಡಿದು ಹೋಗಿ ಉರುಳುಗಳನ್ನು ಒಂದೊಂದಾಗಿ ಬಿಚ್ಚಿದರು. ಮಗನು ಸಿಟ್ಟಾದನು. ಆ ವರ್ಷ ಗದ್ದೆಯ ಕೆಳಗಿನ ಮೂಲೆಯ ಭತ್ತ ಹಂದಿಯ ಪಾಲಾಯಿತು. ಉಳಿದುದನ್ನು ಉಳಿಸಿಕೊಳ್ಳಲು ಮಾಳ ಕಟ್ಟಿ, ತಮಟೆ ಬಡಿದು, ರಾತ್ರಿಗಳನ್ನು ಕಾಯಬೇಕಾಯಿತು. ಅಕ್ಕರೆಗೆ ಬೆಲೆಯುಂಟು, ಅದನ್ನು ಯಾರಾದರೊಬ್ಬರು ತೆರಲೇಬೇಕು.

ಕೋವಿ ಹಿಡಿದ ಕೈಯೇ ಕಾಡನ್ನು ಬಲ್ಲ ಕೈಯೂ ಆಗಿರುವುದು ಹೊಸ ಮಾತಲ್ಲ. ನರಭಕ್ಷಕ ಹುಲಿಗಳನ್ನು ಹೊಡೆದ ಜಿಮ್ ಕಾರ್ಬೆಟ್ಟರು ಕಡೆಗೆ ಹುಲಿಯ ಪರವಾಗಿ ವಾದಿಸಿದರು. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ನರು ಒಂದು ಕರಡಿಮರಿಯನ್ನು ಮನೆಗೆ ತಂದು ಹೆಂಡತಿಗೆ ಕೊಟ್ಟರು. ಬೆಳೆದ ಮೇಲೆ ಅದನ್ನು ಮೈಸೂರಿನ ಮೃಗಾಲಯಕ್ಕೆ ಕಳುಹಿಸಿದರೆ, ಇಲ್ಲಿ ಮನೆಯೊಡತಿಯೂ ಅಲ್ಲಿ ಕರಡಿಯೂ ಅನ್ನ ಬಿಟ್ಟು ಕೊರಗಿದುದರಿಂದ ಮತ್ತೆ ಮರಳಿ ತರಬೇಕಾಯಿತಂತೆ. ಆ ಆಂಡರ್ಸನ್ನರ ಬೇಟೆಯ ಕಥೆಗಳನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರು ಸಕಲೇಶಪುರಕ್ಕೆ ನೆರೆಯದಾದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದರು. ಹರೆಯದಲ್ಲಿ ಕೋವಿ ಹೊತ್ತು ಅಲೆದವರು, ಮುಂದೆ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಕಾದು ಕುಳಿತರು. ಬೇಟೆಯ ಕಾಲದಲ್ಲಿ ಕಲಿತ ಕಣ್ಣು, ಕಿವಿ, ಸಹನೆಗಳು ಎಲ್ಲಿಗೂ ಹೋಗುವುದಿಲ್ಲ. ಗುರಿ ಮಾತ್ರ ಬದಲಾಗುತ್ತದೆ.

ಹೂಮಳೆ ಬಿದ್ದು ಕಾಫಿಯ ಗಿಡಗಳೆಲ್ಲ ಬೆಳ್ಳಗಾದ ಒಂದು ಬೆಳಿಗ್ಗೆ, ಬೇಸಗೆಯ ರಜೆಗೆ ಬಂದಿದ್ದ ಮೊಮ್ಮಗಳು ಅಂಗೈಯಗಲದ ಮರಿಯೊಂದನ್ನು ಲಂಗದಲ್ಲಿಟ್ಟುಕೊಂಡು ಓಡಿ ಬಂದಳು. “ತಾತ, ಅಮ್ಮ ಬಿಟ್ಟು ಹೋಗಿದೆ. ಒಂದೇ ಕೂತಿತ್ತು.” ಗೌಡರು ಗದರಲಿಲ್ಲ. ಇದ್ದ ಜಾಗವನ್ನು ತೋರಿಸಲು ಹೇಳಿ, ಅಲ್ಲಿಯೇ ಅದನ್ನು ಇಡಿಸಿದರು. ಮನುಷ್ಯರ ಕೈ ತಾಗಿದ ಮರಿಯನ್ನು ತಾಯಿ ಸೇರಿಸದೆಂಬ ನಂಬಿಕೆ ಎಲ್ಲ ಕಡೆಯೂ ಉಂಟು. ಆದರೆ ಬೇಗನೆ ಅದೇ ಎಡೆಯಲ್ಲಿ ಇಟ್ಟುಬಿಟ್ಟರೆ ತಾಯಿ ಮರಳುವುದೇ ಹೆಚ್ಚು. ಮೊಲದ ತಾಯಿ ಹಗಲಿನಲ್ಲಿ ಮರಿಯ ಬಳಿ ಇರುವುದೇ ಇಲ್ಲ. ತನ್ನ ವಾಸನೆಯನ್ನು ಹಿಡಿದು ನರಿ ಬಂದೀತೆಂದು ದೂರವೇ ಉಳಿದು, ಕತ್ತಲಾಗುವ ಹೊತ್ತಿಗೆ ಒಮ್ಮೆ ಬಂದು ಕೆಲವೇ ನಿಮಿಷ ಹಾಲೂಡಿಸಿ ಹೊರಟುಬಿಡುತ್ತದೆ. ಒಂಟಿಯಾಗಿ ಕುಳಿತಿರುವ ಮರಿ ಅನಾಥವಲ್ಲ. ದೂರವಿರುವುದೇ ಅಲ್ಲಿ ತಾಯ್ತನದ ರೀತಿ.

ಆ ಸಂಜೆ ಗೌಡರು ಮೊಮ್ಮಗಳನ್ನು ಕರೆದುಕೊಂಡು, ಗಾಳಿಗೆ ಎದುರಾಗಿ, ಹಲಸಿನ ಮರದ ಬುಡದಲ್ಲಿ ಮರಸು ಕುಳಿತರು. ಅರ್ಧ ಶತಮಾನಕ್ಕೂ ಮಿಕ್ಕಿದ ಹಿಂದೆ ಇದೇ ಮರದ ಬುಡದಲ್ಲಿ ಹೀಗೆಯೇ ಕುಳಿತಿದ್ದವರು ಅವರು. ಅಂದು ತೊಡೆಯ ಮೇಲೆ ಕೋವಿಯಿತ್ತು. ಮಗುವಿಗೆ ಸೊಳ್ಳೆ ಕಚ್ಚಿದರೂ ಕೈಯಾಡಿಸಬಾರದೆಂದು ಅಪ್ಪಣೆಯಾಗಿತ್ತು. ಮರಗಳ ಗುರುತು ಅಳಿಯುವಷ್ಟು ಮಬ್ಬು ಕವಿದಾಗ ಹುಲ್ಲಿನ ಅಂಚು ಸೀಳಿತು. ಬೂದುಕಂದು ಬಣ್ಣದ ಆಕೃತಿಯೊಂದು ನಿಂತು, ಕಿವಿ ತಿರುಗಿಸಿ, ಮತ್ತೆ ಮುಂದುವರಿಯಿತು. ಮೂರು ಕಾಲುಗಳ ಮೇಲೆ, ಒಂದಿಷ್ಟು ಎಡಕ್ಕೆ ವಾಲುತ್ತ, ಮರಿಯ ಬಳಿಗೆ ಬಂದಿತು. ಮರಿ ಒಂದೇ ಇರಲಿಲ್ಲ. ಎರಡನೆಯದು ಎಲ್ಲಿಂದಲೋ ಎದ್ದು ಬಂದು ಹೊಟ್ಟೆಯಡಿ ನುಗ್ಗಿತು. ಐದು ನಿಮಿಷವಾಗಿರಬಹುದು. ತಾಯಿ ಮೈ ಕೊಡವಿ, ಬಂದ ದಾರಿಯನ್ನು ಬಿಟ್ಟು ಬೇರೊಂದು ದಾರಿಯಲ್ಲಿ ಮರೆಯಾಯಿತು. ಮರಿಗಳೆರಡೂ ಬೇರೆ ಬೇರೆ ದಿಕ್ಕಿಗೆ ಸರಿದು ಹುಲ್ಲಾಗಿಬಿಟ್ಟವು.

“ಗೂಡಿನಲ್ಲಿ ಇಟ್ಟಿದ್ದರೆ?” ಎಂದು ಮಗು ಮನೆಯ ಮೆಟ್ಟಿಲ ಮೇಲೆ ಕೇಳಿತು.

“ಇವು ಇರ್ತಿರ್ಲಿಲ್ಲ” ಎಂದರು ಗೌಡರು.

ಮುಂಗಾರು ಬಿರುಸಾದ ಮೇಲೆ ಮೂರು ಹೆಜ್ಜೆಯ ಗುರುತು ಹಿತ್ತಲಿನಲ್ಲಿ ಕಾಣಿಸಿಕೊಳ್ಳಲಿಲ್ಲ. ಮಳೆ ತೊಳೆದ ನೆಲದಲ್ಲಿ ಯಾರ ಹೆಜ್ಜೆಯೂ ನಿಲ್ಲುವುದಿಲ್ಲವಾದ್ದರಿಂದ, ಅದು ಹೋಯಿತೆಂದು ಹೇಳಲೂ ಬಾರದು, ಇದೆಯೆಂದು ಹೇಳಲೂ ಬಾರದು. ನರಿಯ ಬಾಯಿಗೆ ಬಿದ್ದಿರಬಹುದೆಂದು ಮಗ ಹೇಳುತ್ತಾನೆ. ಗದ್ದೆಯಾಚೆಯ ಏರಿನಲ್ಲಿ ಹುಲ್ಲು ಎಳೆಯದಾಗಿದೆ, ಅಲ್ಲಿಗೆ ಹೋಗಿದೆಯೆಂದು ಹೆಂಡತಿ ಹೇಳುತ್ತಾರೆ. ಗೌಡರು ಎರಡಕ್ಕೂ ತಲೆಯಾಡಿಸುತ್ತಾರೆ. ಬೇಲಿಗೆ ತಂತಿ ಮರಳಿ ಬಂದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ಅಂಗಳಕ್ಕಿಳಿದು, ಮುನಿಸಿಕೊಂಡ ನಾಯಿಯ ತಲೆ ತಡವಿ, ಸರಪಳಿಯ ಕೊಂಡಿಯನ್ನು ಸಿಕ್ಕಿಸುತ್ತಾರೆ.